ಮೂಗು ಕಳಕೊಂಡ ನೀರುಚಿಗಟ

ಒಂದು ರಾಸಾಯನಿಕ ನೀರಿಗೆ ಸೇರಿದರೆ ಎಷ್ಟು ಅಪಾಯ ಅಂತ ತಿಳಿಯಲು ಪ್ರಯೋಗಾಲಯಗಳಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ಹುಟ್ಟಿ 24 ಗಂಟೆಯೂ ಆಗದ ಡಾಫ್ನಿಯಾ ಅನ್ನುವ ಪುಟ್ಟ ನೀರುಜೀವಿಯ ಮರಿಗಳನ್ನು ಆ ರಾಸಾಯನಿಕ ಬೆರೆಸಿದ ನೀರಿಗೆ ಬಿಡುತ್ತಾರೆ. ಸಾಮಾನ್ಯವಾಗಿ ಒಂದು ಪಾತ್ರೆಗೆ ಐದು ಮರಿ, ಒಂದೊಂದು ಪ್ರಮಾಣಕ್ಕೆ ಕನಿಷ್ಠ 20 ಮರಿ. 48 ಗಂಟೆ ಕಾಯುತ್ತಾರೆ. ಆಮೇಲೆ ಪಾತ್ರೆಯನ್ನು ಮೆಲ್ಲಗೆ ಅಲುಗಿಸಿ 15 ಸೆಕೆಂಡು ನೋಡುತ್ತಾರೆ. ಮರಿ ಈಜಿತು ಅಂದರೆ ಪಾಸು. ಈಜಲಿಲ್ಲ ಅಂದರೆ ಅದು ಕೆಟ್ಟ ಲೆಕ್ಕಕ್ಕೆ ಸೇರುತ್ತದೆ. ಒಇಸಿಡಿ ಅನ್ನುವ ದೇಶಗಳ ಒಕ್ಕೂಟದ 202ನೇ ಮಾರ್ಗಸೂಚಿ ಹೇಳುವುದು ಇದನ್ನೇ. ಜಗತ್ತಿನ ಎಷ್ಟೋ ಕಡೆ ಇದೇ ನಡೆಯುತ್ತದೆ.

ಪರೀಕ್ಷೆ ಸರಳ, ಅಗ್ಗ, ಎಲ್ಲಿ ಮಾಡಿದರೂ ಹೋಲಿಸಿ ನೋಡಬಹುದು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಕಾಗಿಲ್ಲ. ಆದರೆ ಈಜುತ್ತಿರುವ ಆ ಮರಿಗೆ ವಾಸನೆ ಗೊತ್ತಾಗುತ್ತಿದೆಯೇ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಪಾತ್ರೆಯಲ್ಲಿ ಮೀನಿಲ್ಲ, ಶತ್ರುವಿಲ್ಲ. ಮೂಗು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಕೆರೆಯಲ್ಲಿ ಹಾಗಲ್ಲ.

ಡಾಫ್ನಿಯಾ ಅಂದರೆ ನೀರುಚಿಗಟ. ಕಚ್ಚುವ ಚಿಗಟಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಕುಪ್ಪಳಿಸಿದ ಹಾಗೆ ಈಜುವುದರಿಂದ ಆ ಹೆಸರು ಬಂದಿದೆ ಅಷ್ಟೆ. ಇದು ಏಡಿ, ಸಿಗಡಿಗಳ ಬಳಗದ್ದು. ಉದ್ದ ಒಂದೆರಡು ಮಿಲಿಮೀಟರ್, ದೊಡ್ಡ ಜಾತಿಯಾದರೆ ಐದರವರೆಗೆ. ಮೈ ಗಾಜಿನಂತೆ ತಿಳಿ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಪಟಪಟ ಬಡಿಯುವ ಹೃದಯ, ಕರುಳಿನೊಳಗಿನ ಹಸಿರು ಪಾಚಿ, ಬೆನ್ನಿನ ಚೀಲದಲ್ಲಿ ಬೆಳೆಯುತ್ತಿರುವ ಮರಿಗಳು, ಎಲ್ಲ ಕಾಣುತ್ತವೆ. ತಲೆಯಲ್ಲಿ ಎದ್ದು ಕಾಣುವ ಒಂದು ಕಪ್ಪು ಕಣ್ಣು. ಬೆಳಕು ಎತ್ತಲಿಂದ ಬರುತ್ತಿದೆ ಅನ್ನೋದನ್ನು ತಿಳಿಯಲು ಆ ಕಣ್ಣು ಸಾಕು. ಬರುತ್ತಿರುವುದು ಯಾವ ಮೀನು ಅಂತ ಗುರುತು ಹಿಡಿಯಲು ಸಾಲದು. ಅದಕ್ಕೆ ಬೇಕಾದ ಸಾಧನ ಮೂತಿಯ ಕೆಳಗಿದೆ. ಅಲ್ಲಿ ಎರಡು ಗಿಡ್ಡ ಮೀಸೆಗಳಿವೆ. ಒಂದೊಂದರ ತುದಿಯಲ್ಲೂ 9 ಸಣ್ಣ ಕೂದಲುಗಳ ಕುಚ್ಚು. ಅದೇ ಇದರ ಮೂಗು.

ನೀರಿನೊಳಗೆ ವಾಸನೆ ಅಂದರೆ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ. ನಮಗೆ ಗಾಳಿಯಲ್ಲಿ ಬಂದದ್ದು ವಾಸನೆ, ನಾಲಗೆಗೆ ತಾಗಿದ್ದು ರುಚಿ. ನೀರಲ್ಲಿರುವ ಜೀವಿಗೆ ಎರಡೂ ನೀರಲ್ಲಿ ಕರಗಿಯೇ ಬರಬೇಕು. ಹಾಗಾಗಿ ಈ ಗೆರೆ ಅಲ್ಲಿ ಸ್ವಲ್ಪ ಮಸುಕು. ದೂರದಿಂದ ಬಂದ ಸುದ್ದಿಯನ್ನು ಹಿಡಿಯುವ ಕೆಲಸಕ್ಕೆ ವಾಸನೆ ಅಂತ ಕರೆದರೆ ನಮ್ಮ ಮಾತಿಗೆ ಸಾಕು. ಸಂಗಾತಿ ಎಲ್ಲಿದ್ದಾಳೆ, ಊಟ ಯಾವ ಕಡೆ, ಯಾರು ಯಾರನ್ನು ತಿನ್ನುತ್ತಿದ್ದಾರೆ, ಇದೆಲ್ಲ ಕತ್ತಲ ನೀರಲ್ಲೂ ಕೆಸರು ನೀರಲ್ಲೂ ಗೊತ್ತಾಗುವುದು ಹೀಗೆಯೇ.

ಏಡಿ, ಲಾಬ್‌ಸ್ಟರ್, ಸಿಹಿನೀರಿನ ಪುಟ್ಟ ಲಾಬ್‌ಸ್ಟರ್‌ನಂತಿರುವ ಕ್ರೇಫಿಶ್‌ಗಳಿಗೂ ಮೂಗು ಅಂದರೆ ಚಿಕ್ಕ ಮೀಸೆಯ ಮೇಲಿನ ಕೂದಲೇ. ಆದರೆ ಅವು ಮೂಸುವ ರೀತಿ ನೋಡಲು ಚೆಂದ. ಸುಮ್ಮನೆ ಕೂತಿದ್ದರೂ ಆ ಮೀಸೆಯನ್ನು ಆಗಾಗ ಪಟ್ ಅಂತ ಕೆಳಕ್ಕೆ ಒದರುತ್ತವೆ. ಏಕೆ ಅಂತ ತಿಳಿಯಲು ಒಂದು ಬಾಚಣಿಗೆಯನ್ನು ಜೇನುತುಪ್ಪದಲ್ಲಿ ಅದ್ದಿ ಎಳೆದಂತೆ ಕಲ್ಪಿಸಿಕೊಳ್ಳಿ. ನಿಧಾನಕ್ಕೆ ಎಳೆದರೆ ಹಲ್ಲುಗಳ ನಡುವಿನ ಜೇನು ಅಲ್ಲೇ ಅಂಟಿಕೊಂಡಿರುತ್ತದೆ, ಬಾಚಣಿಗೆ ಒಂದು ಹಲಗೆಯ ಹಾಗೆ ಚಲಿಸುತ್ತದೆ. ಅಷ್ಟು ಸಣ್ಣ ಕೂದಲಿನ ಮಟ್ಟದಲ್ಲಿ ನೀರೂ ಹಾಗೇ ಅಂಟಂಟು. ಆದರೆ ಜೋರಾಗಿ ಬೀಸಿದರೆ ನೀರು ಕೂದಲುಗಳ ನಡುವೆ ನುಗ್ಗುತ್ತದೆ. ಲಾಬ್‌ಸ್ಟರ್ ಕೆಳಕ್ಕೆ ರಭಸವಾಗಿ ಬೀಸಿ ಹೊಸ ನೀರನ್ನು ಒಳಗೆ ತುಂಬಿಕೊಳ್ಳುತ್ತದೆ, ಮೇಲಕ್ಕೆ ನಿಧಾನಕ್ಕೆ ತರುತ್ತದೆ. ಆ ನಿಧಾನದ ಹೊತ್ತಿನಲ್ಲಿ ಸಿಕ್ಕಿಬಿದ್ದ ನೀರಿನಿಂದ ವಾಸನೆ ಕೂದಲಿಗೆ ಇಳಿಯುತ್ತದೆ. ನಾವು ಉಸಿರೆಳೆದು ಮೂಸುತ್ತೇವಲ್ಲ, ಇದು ಅದರದೇ ನೀರಿನ ರೂಪ.

ಈ ಕೂದಲುಗಳ ಗೋಡೆ ತೀರಾ ತೆಳು. ಉಳಿದ ಮೈಗೆಲ್ಲ ಗಟ್ಟಿ ಚಿಪ್ಪಿನ ಕವಚ ಇದ್ದರೂ ಇಲ್ಲಿ ಮಾತ್ರ ತೆಳು ಇರಲೇಬೇಕು, ಇಲ್ಲದಿದ್ದರೆ ವಾಸನೆಯ ಕಣ ಒಳಗೆ ಹೋಗುವುದಾದರೂ ಹೇಗೆ? ಆ ಗೋಡೆಯ ಒಳಗೆ ನರಗಳ ತುದಿಗಳಿವೆ. ನೀರಿಗೂ ನರಕ್ಕೂ ನಡುವೆ ಹೆಚ್ಚೇನೂ ತಡೆ ಇಲ್ಲ. ವಾಸನೆ ಬರುವ ಬಾಗಿಲಲ್ಲೇ ವಿಷವೂ ಬರುತ್ತದೆ. ಕವಚ ತೊಟ್ಟ ಪ್ರಾಣಿಯ ಎಲ್ಲಕ್ಕಿಂತ ಬರಿಮೈ ಜಾಗ ಅದರ ಮೂಗು.

ಈಗ ನೀರುಚಿಗಟದ ಕತೆಗೆ ಮತ್ತೆ ಬರೋಣ. ಕೆರೆ ಕುಂಟೆಗಳಲ್ಲಿ ಕೇಯೊಬೊರಸ್ ಅನ್ನುವ ಕೀಟದ ಮರಿಹುಳು ಇರುತ್ತದೆ. ದೊಡ್ಡದಾದ ಮೇಲೆ ಸೊಳ್ಳೆಯ ಹಾಗೆ ಕಾಣುತ್ತದೆ, ಆದರೆ ಕಚ್ಚುವುದಿಲ್ಲ. ಮರಿಹುಳು ಮಾತ್ರ ಬಲು ಕಿಲಾಡಿ. ಮೈಯೆಲ್ಲ ಗಾಜು. ನೀರಿನ ನಡುವೆ ಅಡ್ಡಲಾಗಿ, ಅಲುಗಾಡದೆ ತೇಲುತ್ತಿರುತ್ತದೆ. ನೀರುಚಿಗಟದ ಮರಿ ಹತ್ತಿರ ಬಂದರೆ ಒಂದೇ ಏಟಿಗೆ ಹಿಡಿದುಬಿಡುತ್ತದೆ. ಕಣ್ಣಿಗೆ ಕಾಣದ ಈ ಶತ್ರುವನ್ನು ನೀರುಚಿಗಟ ವಾಸನೆಯಲ್ಲಿ ಗುರುತಿಸುತ್ತದೆ. ಗುರುತಿಸಿ ಓಡಿಹೋಗುವುದಿಲ್ಲ, ಮೈಯನ್ನೇ ಬದಲಿಸಿಕೊಳ್ಳುತ್ತದೆ! ಡಾಫ್ನಿಯಾ ಪ್ಯೂಲೆಕ್ಸ್ ಅನ್ನುವ ಜಾತಿಯ ಮರಿಗಳ ಕುತ್ತಿಗೆಯ ಹಿಂದೆ ಗರಗಸದ ಹಾಗೆ ಸಣ್ಣ ಹಲ್ಲುಗಳು ಮೂಡುತ್ತವೆ. ಅಷ್ಟು ಪುಟ್ಟ ಹಲ್ಲುಗಳು ಏನು ಮಾಡಿಯಾವು ಅನಿಸಬಹುದು. ಆದರೆ ಹುಳದ ಹಿಡಿತದಿಂದ ನುಣುಚಿಕೊಳ್ಳಲು ಅಷ್ಟೇ ಸಾಕಾಗುತ್ತದೆ. ಹಲ್ಲು ಮೂಡಿದ ಮರಿಗಳು ಬದುಕಿ ಉಳಿಯುವುದು ಜಾಸ್ತಿ.

ಆ ವಾಸನೆ ಏನು ಅಂತ ಪತ್ತೆಯಾಗಿದ್ದು 2018ರಲ್ಲಿ. ಹುಳು ತಿಂದದ್ದನ್ನು ಜೀರ್ಣ ಮಾಡಲು ಬಳಸುವ ವಸ್ತುಗಳು ಅವು, ಕೊಬ್ಬಿನಾಮ್ಲಕ್ಕೆ ಗ್ಲುಟಮಿನ್ ಅನ್ನುವ ಅಮೈನೋ ಆಮ್ಲ ಸೇರಿಕೊಂಡ ಅಣುಗಳು. ಮರುವರ್ಷ, 2019ರಲ್ಲಿ, ಗೆಂಡೆ ಜಾತಿಯ ಮೀನುಗಳ ವಾಸನೆಯೂ ಸಿಕ್ಕಿತು. ಅದು ಪಿತ್ತರಸದ ಒಂದು ಲವಣ. ಆ ವಾಸನೆ ಬಂದರೆ ನೀರುಚಿಗಟಗಳು ಹಗಲು ಹೊತ್ತು ಕತ್ತಲಿರುವ ಆಳಕ್ಕೆ ಇಳಿಯುತ್ತವೆ, ರಾತ್ರಿ ಮೇಲೆ ಬಂದು ಪಾಚಿ ತಿನ್ನುತ್ತವೆ. ಬೇಟೆಗಾರ ತನ್ನ ಗುಟ್ಟನ್ನು ತಾನೇ ಏಕೆ ನೀರಿಗೆ ಬಿಡುತ್ತಾನೆ ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಉಂಡದ್ದು ಅರಗಬೇಕಾದರೆ ಅದು ಬೇಕೇ ಬೇಕು, ಬಿಡದೆ ಗತಿಯಿಲ್ಲ.

ಇಷ್ಟು ನಾಜೂಕಾದ ಏರ್ಪಾಡಿನೊಳಗೆ ತಾಮ್ರ ಬರುತ್ತದೆ.

ತಾಮ್ರ ನೀರಿಗೆ ಸೇರುವ ದಾರಿಗಳು ಹಲವು. ಗಣಿಗಳಿಂದ ಹರಿದು ಬರುವ ನೀರು, ಪಾಚಿ ಕೊಲ್ಲಲು ಹಾಕುವ ಮೈಲುತುತ್ತ, ಹಡಗಿನ ತಳಕ್ಕೆ ಏನೂ ಅಂಟದಿರಲಿ ಅಂತ ಬಳಿಯುವ ಬಣ್ಣ, ವಾಹನಗಳ ಬ್ರೇಕ್ ಸವೆದು ಬೀಳುವ ಪುಡಿ. ವಿಚಿತ್ರ ಏನೆಂದರೆ ಏಡಿ ಸಿಗಡಿಗಳಿಗೆ ತಾಮ್ರ ಬೇಕು. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣವಾದರೆ ಅವುಗಳ ರಕ್ತದಲ್ಲಿ ತಾಮ್ರ. ಅದಕ್ಕೇ ಆ ರಕ್ತ ನೀಲಿ. ಬೇಕಾದದ್ದೇ ಮೂಗಿನ ಬಾಗಿಲಲ್ಲಿ ಅಳತೆ ಮೀರಿ ಬಂದು ನಿಂತರೆ ವಿಷ. ನರಗಳು ಸುದ್ದಿ ಸಾಗಿಸುವುದು ಕ್ಯಾಲ್ಸಿಯಂನಂಥ ಅಯಾನುಗಳ, ಅಂದರೆ ವಿದ್ಯುದಂಶ ಹೊತ್ತ ಕಣಗಳ, ಓಡಾಟದಿಂದ. ತಾಮ್ರ ಆ ಓಡಾಟಕ್ಕೆ ಅಡ್ಡ ಬರುತ್ತದೆ. ಮೀನುಗಳ ಮೂಗಿನಲ್ಲಿ ಇದನ್ನು ಚೆನ್ನಾಗಿ ಅಳೆದು ನೋಡಿದ್ದಾರೆ.

ಪ್ರಮಾಣದ ಅಂದಾಜು ಸಿಗಲಿ ಅಂತ ಒಂದು ಲೆಕ್ಕ. ಒಂದು ಲೀಟರಿಗೆ ಒಂದು ಮೈಕ್ರೋಗ್ರಾಂ ಅಂದರೆ 10 ಲಕ್ಷ ಲೀಟರ್ ನೀರಿಗೆ ಒಂದು ಗ್ರಾಂ. ಮನುಷ್ಯರು ಕುಡಿಯುವ ನೀರಲ್ಲಿ ಲೀಟರಿಗೆ 2,000 ಮೈಕ್ರೋಗ್ರಾಂ ತಾಮ್ರದವರೆಗೆ ಅಡ್ಡಿಯಿಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ನೂರನೇ ಒಂದು ಪಾಲು ಸಾಕು, ಮೆದು ನೀರಿನಲ್ಲಿರುವ ನೀರುಚಿಗಟಕ್ಕೆ ಕಷ್ಟ ಕೊಡಲು. ಮೆದು ನೀರು ಅಂತ ಹೇಳಿದ್ದು ಸುಮ್ನೆ ಅಲ್ಲ. ಗಡಸು ನೀರಲ್ಲಿ, ಎಲೆ ಕೊಳೆತ ಕಂದು ನೀರಲ್ಲಿ ಅಷ್ಟೇ ತಾಮ್ರ ಇದ್ದರೂ ಅದರ ಕಾಟ ಕಡಿಮೆ. ಕೊಳೆತ ಸಾವಯವ ವಸ್ತು ತಾಮ್ರವನ್ನು ಕಟ್ಟಿಹಾಕುತ್ತದೆ, ಗಡಸು ನೀರಿನ ಕ್ಯಾಲ್ಸಿಯಂ ಅದಕ್ಕೆ ಪೈಪೋಟಿ ಕೊಡುತ್ತದೆ. ಹಾಗಾಗಿ ಬರೀ ತಾಮ್ರದ ಅಂಕಿ ನೋಡಿ ಈ ನೀರು ಒಳ್ಳೆಯದು, ಆ ನೀರು ಕೆಟ್ಟದು ಅಂತ ತೀರ್ಪು ಕೊಡಲು ಬರುವುದಿಲ್ಲ.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡಾಫ್ನಿಯಾ ಪ್ಯೂಲೆಕ್ಸ್‌ಗೆ ಕೇಯೊಬೊರಸ್ ವಾಸನೆಯನ್ನೂ ಲೋಹವನ್ನೂ ಒಟ್ಟಿಗೆ ಕೊಟ್ಟು ನೋಡಿದರು. ತಾಮ್ರ ಇದ್ದ ನೀರಲ್ಲಿ ಕುತ್ತಿಗೆಯ ಹಲ್ಲು ಸರಿಯಾಗಿ ಮೂಡಲಿಲ್ಲ. ಶತ್ರುವಿನ ವಾಸನೆ ನೀರಲ್ಲಿ ಇತ್ತು, ಮರಿಗಳು ಜೀವಂತ ಇದ್ದವು, ಈಜುತ್ತಿದ್ದವು. ಮೊದಲು ಹೇಳಿದ ಆ 48 ಗಂಟೆಯ ಪರೀಕ್ಷೆ ಇಂಥ ಮರಿಗಳನ್ನು ಪಾಸು ಮಾಡಿ ಕಳಿಸುತ್ತದೆ. 2009ರ ಇನ್ನೊಂದು ಕೆಲಸದಲ್ಲಿ ಲೋಹದ ನೀರಲ್ಲಿದ್ದ ನೀರುಚಿಗಟಗಳು ಬೇಟೆಗಾರನ ಎದುರು ಹೇಗೆ ನಿಭಾಯಿಸುತ್ತವೆ ಅನ್ನುವುದನ್ನೂ ನೋಡಿದರು. ಕುತ್ತಿಗೆಯ ಹಲ್ಲು ಸರಿಯಾಗಿ ಕಟ್ಟಿಕೊಳ್ಳದ ಮರಿ ಹುಳದ ಬಾಯಿಗೆ ಸುಲಭದ ತುತ್ತು.

ಇದಕ್ಕೆ ನೇರ ಉಲ್ಟಾ ಆಗುವುದೂ ಉಂಟು. 1991ರಲ್ಲಿ ಡಾಫ್ನಿಯಾ ಆಂಬಿಗುವಾ ಅನ್ನುವ ಜಾತಿಯ ಮೇಲೆ ಕಾರ್ಬರಿಲ್‌ನಂಥ ಕೀಟನಾಶಕಗಳನ್ನು ಪ್ರಯೋಗ ಮಾಡಿದಾಗ, ನೀರಲ್ಲಿ ಬೇಟೆಗಾರನೇ ಇಲ್ಲದಿದ್ದರೂ ಅವುಗಳ ತಲೆಯ ಮೇಲೆ ಟೋಪಿಯ ಹಾಗೆ ಕವಚ ಬೆಳೆಯಿತು. ಕಾರ್ಬರಿಲ್ ನರಗಳ ನಡುವೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನುವ ವಸ್ತುವನ್ನು ಕೆಲಸ ಮುಗಿದ ಮೇಲೆ ಒರೆಸಿಹಾಕುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಕರೆಗಂಟೆಯ ಗುಂಡಿ ಒತ್ತಿ ಬಿಟ್ಟರೂ ಅದು ಒಳಗೇ ಸಿಕ್ಕಿಕೊಂಡು ಗಂಟೆ ಬಾರಿಸುತ್ತಲೇ ಇರುತ್ತದಲ್ಲ, ಹಾಗೆ. ಬೇಟೆಗಾರನ ವಾಸನೆಯ ಸುದ್ದಿ ಸಾಗುವ ದಾರಿಯಲ್ಲೂ ಇದೇ ಅಸಿಟೈಲ್‌ಕೋಲಿನ್‌ನ ಪಾತ್ರ ಇದೆ ಅನ್ನುವುದು ಆಮೇಲಿನ ಕೆಲಸಗಳಲ್ಲಿ ಕಂಡಿದೆ. ಇಲ್ಲದ ಶತ್ರುವಿಗೆ ಕವಚ ಕಟ್ಟಿದರೆ ನಷ್ಟ ಏನು ಅಂತೀರಾ? ಕವಚ ಬಿಟ್ಟಿ ಬರುವುದಿಲ್ಲ. ಬೆಳೆಯಲು, ಮರಿ ಹಾಕಲು ಇಟ್ಟ ಶಕ್ತಿ ಅಲ್ಲಿ ಖರ್ಚಾಗುತ್ತದೆ. ಸುಮ್ಮನೆ ಆಳಕ್ಕೆ ಇಳಿದರೂ ಹಾಗೇ. ಅಲ್ಲಿ ಚಳಿ ಜಾಸ್ತಿ, ತಿನ್ನಲು ಪಾಚಿ ಕಡಿಮೆ.

ಮೂಗು ಸತ್ತರೆ ಒಂದು ಕಷ್ಟ, ಸುಳ್ಳು ಹೇಳಿದರೆ ಇನ್ನೊಂದು. ಕ್ರೇಫಿಶ್‌ಗಳಲ್ಲಿ ಕಂಡದ್ದು ಇವೆರಡಕ್ಕಿಂತ ಕೆಟ್ಟದ್ದು ಅಂತ ನನಗೆ ಅನಿಸುತ್ತದೆ. ಒಂದು ಕ್ರೇಫಿಶ್‌ಗೆ ಪೆಟ್ಟಾದರೆ ಅದರ ಮೈಯಿಂದ ಒಂದು ಎಚ್ಚರಿಕೆಯ ವಾಸನೆ ನೀರಿಗೆ ಸೇರುತ್ತದೆ. ಉಳಿದವು ಅದನ್ನು ಹಿಡಿದು ದೂರ ಸರಿಯುತ್ತವೆ. ಮೆಟೊಲಾಕ್ಲೋರ್ ಅನ್ನುವ ಕಳೆನಾಶಕವನ್ನು ಸಾಯದಷ್ಟು ಪ್ರಮಾಣದಲ್ಲಿ ಕೆಲವು ದಿನ ಕೊಟ್ಟು 2002ರಲ್ಲಿ ಪರೀಕ್ಷಿಸಿದಾಗ, ಅವು ದೂರ ಹೋಗುವ ಬದಲು ಆ ವಾಸನೆ ಬಂದ ಕಡೆಗೇ ನಡೆದವು. ಆಹಾರದ ವಾಸನೆಯ ಜಾಡು ಹಿಡಿದು ಹೋಗುವುದರಲ್ಲೂ ಎಡವಿದವು. ಕಳೆನಾಶಕ ಗಿಡಗಳನ್ನು ಕೊಲ್ಲಲು ಮಾಡಿದ್ದು. ಕ್ರೇಫಿಶ್‌ನ ಮೂಗಿನ ಮೇಲೆ ಅದಕ್ಕೆ ಯಾವ ಹಗೆಯೂ ಇಲ್ಲ. ಆದರೂ ಹೀಗಾಯಿತು.

ಸಮುದ್ರದಲ್ಲಿ ಇನ್ನೂ ಸಣ್ಣವುಗಳಿವೆ. ಕೋಪಿಪಾಡ್‌ಗಳು ಕೂಡ ಏಡಿ, ಸಿಗಡಿಗಳ ಬಳಗದವೇ. ಅವುಗಳಲ್ಲಿ ಟೆಮೊರಾ ಲಾಂಜಿಕಾರ್ನಿಸ್ ಅನ್ನುವುದು ಒಂದು ಮಿಲಿಮೀಟರ್ ಆಸುಪಾಸಿನ ಜೀವಿ. ಹೆಣ್ಣು ಈಜುತ್ತಾ ಹೋದಂತೆ ಅದರ ಹಿಂದೆ ನೀರಲ್ಲಿ ವಾಸನೆಯ ಎಳೆಯೊಂದು ಉಳಿಯುತ್ತದೆ. ಅದು ತುಂಬಾ ಹೊತ್ತು ಬಾಳುವುದಿಲ್ಲ. ಹತ್ತು ಸೆಕೆಂಡಿನಷ್ಟು ಹಳೆಯ ಎಳೆಯನ್ನೂ ಗಂಡು ಹಿಡಿಯಬಲ್ಲದು. ಸಿಕ್ಕಿದ್ದೇ ತಡ, ವೇಗ ಹೆಚ್ಚಿಸಿ, ಹೆಣ್ಣು ಹೋದ ತಿರುವುಗಳನ್ನೆಲ್ಲ ತಾನೂ ತಿರುಗುತ್ತಾ ಬೆನ್ನು ಹತ್ತುತ್ತದೆ. ಕೆಲವೊಮ್ಮೆ ಉಲ್ಟಾ ದಿಕ್ಕಿಗೆ ಹೊರಟು, ತಪ್ಪು ತಿಳಿದು, ಬಂದ ದಾರಿಯಲ್ಲೇ ವಾಪಸ್ ತಿರುಗುವುದನ್ನೂ ಕ್ಯಾಮೆರಾಗಳು ಸೆರೆ ಹಿಡಿದಿವೆ. ಅಗಾಧ ಸಮುದ್ರದಲ್ಲಿ ಒಂದು ಮಿಲಿಮೀಟರ್‌ನ ಜೀವಿಗೆ ಇನ್ನೊಂದು ಸಿಗುವುದು ಹೀಗೆ.

2011ರಲ್ಲಿ ಇದೇ ಜೀವಿಯ ಮೇಲೆ ಡೀಸೆಲ್ ಪರೀಕ್ಷೆ ನಡೆಯಿತು. ಡೀಸೆಲ್ ಅಂದರೆ ಮೇಲೆ ತೇಲುವ ಎಣ್ಣೆಪದರ ಅಲ್ಲ, ಅದರಿಂದ ನೀರಿಗೆ ಕರಗಿ ಇಳಿಯುವ ಭಾಗ. ಆ ಕರಗಿದ ನೀರನ್ನು 1%, 0.1%, 0.01% ಪ್ರಮಾಣಗಳಲ್ಲಿ ಸಮುದ್ರದ ನೀರಿಗೆ ಬೆರೆಸಿದರು. ಪ್ರಮಾಣ ಹೆಚ್ಚಿದಂತೆ ಗಂಡುಗಳು ಎಳೆಯನ್ನು ಗುರುತಿಸುವುದು ಕಡಿಮೆಯಾಯಿತು, ಗುರುತಿಸಿದರೂ ದಾರಿ ತಪ್ಪಿದವು, ಹೆಣ್ಣನ್ನು ಮುಟ್ಟಿದ್ದು ಇನ್ನೂ ಕಡಿಮೆ. ಎಣ್ಣೆ ಸೋರಿಕೆ ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ಎಣ್ಣೆ ಮೆತ್ತಿದ ಹಕ್ಕಿಯ ಚಿತ್ರ. ಕೂಡದೇ ಹೋದ ಕೋಪಿಪಾಡ್‌ಗಳ ಫೋಟೊ ತೆಗೆಯಲು ಬರುವುದಿಲ್ಲವಲ್ಲ.

ಇಲ್ಲಿಯವರೆಗೆ ಕೆಟ್ಟದ್ದು ಮೂಗು, ಇಲ್ಲವೇ ಮೂಗಿನ ಹಿಂದಿನ ನರ. ವಾಸನೆಯೇ ಕೆಡುವ ಸಂದರ್ಭವೂ ಇದೆ. ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲದ ಡೈಆಕ್ಸೈಡ್‌ನ ಒಂದು ಪಾಲು ಸಮುದ್ರಕ್ಕೆ ಇಳಿದು ನೀರನ್ನು ಸ್ವಲ್ಪ ಸ್ವಲ್ಪವೇ ಆಮ್ಲದ ಕಡೆ ಸರಿಸುತ್ತಿದೆ. ಕೈಗಾರಿಕೆಗಳು ಶುರುವಾಗುವ ಮೊದಲು ಮೇಲ್ಪದರದ ನೀರಿನ ಪಿಎಚ್ 8.2ರ ಹತ್ತಿರ ಇತ್ತು, ಈಗ 8.1ರ ಹತ್ತಿರ. ಪಿಎಚ್ ಇಳಿದಷ್ಟೂ ನೀರು ಆಮ್ಲದ ಕಡೆ ಸರಿದಂತೆ. ಅಂಕಿಯಲ್ಲಿ ಸಣ್ಣದು, ಆದರೆ ಹೈಡ್ರೋಜನ್ ಅಯಾನುಗಳ ಲೆಕ್ಕದಲ್ಲಿ ಸುಮಾರು 30% ಏರಿಕೆ. ಈ ಅಯಾನುಗಳು ವಾಸನೆಯ ಅಣುಗಳಿಗೆ ಅಂಟಿಕೊಳ್ಳುತ್ತವೆ. ಅಂಟಿದರೆ ಅಣುವಿನ ವಿದ್ಯುದಂಶ ಬದಲಾಗುತ್ತದೆ, ಆಕಾರವೂ ಸ್ವಲ್ಪ ಬದಲಾಗುತ್ತದೆ. ಬೀಗ ಅದೇ, ಕೀಲಿಯ ಹಲ್ಲು ಸವೆದಿದೆ ಅನ್ನುವ ಸ್ಥಿತಿ.

ಕರಾವಳಿಯ ಹಸಿರು ಏಡಿಗಳ ಮೇಲಿನ 2016ರ ಅಧ್ಯಯನ ಇದನ್ನು ತೋರಿಸಿತು. ಮೊಟ್ಟೆ ಹೊತ್ತ ಹೆಣ್ಣೇಡಿ ಮೊಟ್ಟೆಗಳಿಗೆ ಗಾಳಿಯಾಡುವಂತೆ ಆಗಾಗ ನೀರು ಬೀಸುತ್ತದೆ. ಹಾಗೆ ಬೀಸಲು ಅದಕ್ಕೆ ಸೂಚನೆ ಕೊಡುವುದು ಕೆಲವು ಪುಟ್ಟ ಪೆಪ್ಟೈಡ್‌ಗಳ, ಅಂದರೆ ಪ್ರೋಟೀನಿನ ತುಣುಕಿನಂಥ ಅಣುಗಳ, ವಾಸನೆ. ನೀರಿನ ಪಿಎಚ್ ಅನ್ನು ಈ ಶತಮಾನದ ಕೊನೆಗೆ ಬರಬಹುದಾದ 7.7ಕ್ಕೆ ಇಳಿಸಿದಾಗ, ಅದೇ ಕೆಲಸ ಆಗಲು ಹೆಚ್ಚು ಪ್ರಮಾಣದ ವಾಸನೆ ಬೇಕಾಯಿತು. ಸನ್ಯಾಸಿ ಏಡಿಗಳ ಮೇಲೆ 2012ರಲ್ಲಿ ಪಿಎಚ್ 6.8ರಲ್ಲಿ ಪ್ರಯೋಗ ಮಾಡಿದ್ದರು. ಅಲ್ಲಿ ಅವು ಮೀಸೆ ಒದರುವುದೇ ಕಡಿಮೆಯಾಯಿತು, ಆಹಾರದ ವಾಸನೆ ಬಂದ ಕಡೆಗೆ ಹೋಗುವುದೂ ಕಡಿಮೆಯಾಯಿತು. ಆದರೆ 6.8 ಅನ್ನುವುದು ತೆರೆದ ಸಮುದ್ರಕ್ಕೆ ಸದ್ಯಕ್ಕೆ ಬರುವ ಮಟ್ಟವಲ್ಲ, ಎಲ್ಲೋ ಡೈಆಕ್ಸೈಡ್ ಸೋರಿದ ಜಾಗದಲ್ಲಿ ಬರಬಹುದು. ಇಂಥ ಸುದ್ದಿ ಓದುವಾಗ ಆ ಅಂಕಿಯನ್ನು ಹುಡುಕಿ ನೋಡುವುದು ಒಳ್ಳೆಯದು. ತಲೆಬರಹದಲ್ಲಿ ಅದು ಇರುವುದಿಲ್ಲ.

ಪ್ಲಾಸ್ಟಿಕ್‌ನ ಮಾತು ಚಿಕ್ಕದು. ಸಮುದ್ರದಲ್ಲಿ ತೇಲುವ ಪ್ಲಾಸ್ಟಿಕ್ ಮೇಲೆ ಪಾಚಿ, ಬ್ಯಾಕ್ಟೀರಿಯಾ ಕೂತು ಕೆಲವು ವಾರಗಳಲ್ಲಿ ಅದಕ್ಕೆ ಡೈಮೀಥೈಲ್ ಸಲ್ಫೈಡ್ ವಾಸನೆ ಬರುತ್ತದೆ. ತಿನ್ನಲು ಪಾಚಿ ಇದೆ ಅನ್ನುವ ಸೂಚನೆ ಅದು. ಆ ವಾಸನೆ ಸೇರಿಸಿದ ಪ್ಲಾಸ್ಟಿಕ್ ಚೂರುಗಳನ್ನು ಕೋಪಿಪಾಡ್‌ಗಳು ವಾಸನೆ ಇಲ್ಲದವುಗಳಿಗಿಂತ ಜಾಸ್ತಿ ನುಂಗಿದ್ದು ಪ್ರಯೋಗಗಳಲ್ಲಿ ಕಂಡಿದೆ. ಇಲ್ಲಿ ಮೂಗು ಚೆನ್ನಾಗಿಯೇ ಕೆಲಸ ಮಾಡಿದೆ. ಮೋಸ ಹೋಗಿದ್ದು ಅದಕ್ಕೇ.

ಇಷ್ಟು ಸಣ್ಣ ಜೀವಿಗಳ ಮೂಗಿನ ಬಗ್ಗೆ ಇಷ್ಟೊಂದು ಮಾತೇ ಅನ್ನುವವರು ಒಂದು ಕೆರೆಯನ್ನು ನೆನೆಸಿಕೊಳ್ಳಲಿ. ನೀರನ್ನು ಹಸಿರಾಗಿಸುವ ಪಾಚಿಯನ್ನು ಸೋಸಿ ತಿನ್ನುವುದು ನೀರುಚಿಗಟ. ಮೀನುಮರಿಗಳ ಹೊಟ್ಟೆ ತುಂಬಿಸುವುದೂ ಅದೇ. ತಾಮ್ರ ಹಾಕಿ ಪಾಚಿ ಕೊಲ್ಲಲು ಹೊರಟವರು ಪಾಚಿ ತಿನ್ನುವವರನ್ನೇ ಕುರುಡು ಮಾಡಿದರೆ ನೀರು ಮತ್ತೆ ಹಸಿರಾಗಲು ಎಷ್ಟು ದಿನ ಬೇಕು? ಆದರೆ ವಾಸನೆ ಹೋಗಿದ್ದರಿಂದ ಸತ್ತ ನೀರುಚಿಗಟದ ಹೆಣ ಯಾರಿಗೂ ಸಿಗುವುದಿಲ್ಲ. ಅದು ಹುಳದ ಹೊಟ್ಟೆಯಲ್ಲಿರುತ್ತದೆ. ಲೆಕ್ಕದಲ್ಲಿ ಅದು ಬೇಟೆಗೆ ಬಲಿಯಾದದ್ದು, ಮಾಲಿನ್ಯಕ್ಕಲ್ಲ.

ಮೂಗು ವಾಪಸ್ ಬರುತ್ತದೆಯೇ? ಬರುವ ದಾರಿ ಇದೆ. ಈ ಬಳಗದವೆಲ್ಲ ಬೆಳೆಯುವಾಗ ಪೊರೆ ಬಿಡುತ್ತವೆ, ಪೊರೆಯ ಜೊತೆಗೆ ಮೀಸೆಯ ಕೂದಲುಗಳೂ ಹೊಸದಾಗುತ್ತವೆ. ದೊಡ್ಡ ಕ್ರೇಫಿಶ್ ಇದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ನೀರುಚಿಗಟಕ್ಕೆ ಎರಡು ಮೂರು ದಿನ ಸಾಕು. ಕೇಳಲು ನೆಮ್ಮದಿ ಅನಿಸುತ್ತದೆ, ಅಲ್ವಾ? ಆದರೆ ಕುತ್ತಿಗೆಯ ಹಲ್ಲಿಗೆ ಒಂದು ಹೊತ್ತು ಇದೆ. ಮರಿ ತಾಯಿಯ ಬೆನ್ನಿನ ಚೀಲದಲ್ಲಿ ಇರುವಾಗಲೇ, ಹುಟ್ಟುವ ಸ್ವಲ್ಪ ಮುಂಚೆ, ಹುಳದ ವಾಸನೆ ಅದಕ್ಕೆ ತಾಗಬೇಕು. ಆಗ ಹಲ್ಲು ಕಟ್ಟಿಕೊಂಡೇ ನೀರಿಗೆ ಇಳಿಯುತ್ತದೆ. ಹುಳು ಹುಡುಕುವುದೂ ಹೊಸದಾಗಿ ಹುಟ್ಟಿದ ಪುಟ್ಟ ಮರಿಗಳನ್ನೇ, ಬೆಳೆದವು ಅದರ ಬಾಯಿಗೆ ದೊಡ್ಡವಾಗುತ್ತವೆ. ಹೊಳೆಗೆ ಎರಡು ದಿನ ತಾಮ್ರದ ನೀರು ಬಂದು ಮೂರನೇ ದಿನ ತಿಳಿಯಾಯಿತು ಅಂದುಕೊಳ್ಳಿ. ನೀರಿನ ಮಾದರಿ ತೆಗೆದರೆ ಎಲ್ಲ ಸರಿ. ದೊಡ್ಡ ನೀರುಚಿಗಟಗಳು ಪೊರೆ ಬಿಟ್ಟು ಹೊಸ ಮೂಗಿನಲ್ಲಿ ಈಜುತ್ತಿವೆ. ಆ ಎರಡು ದಿನದಲ್ಲಿ ಹುಟ್ಟಿದ ಮರಿಗಳ ಕುತ್ತಿಗೆ ಮಾತ್ರ ನುಣ್ಣಗಿದೆ. ಗಾಜಿನ ಹುಳು ಅಲ್ಲೇ ನೀರಿನ ನಡುವೆ, ಅಲುಗಾಡದೆ ತೇಲುತ್ತಿದೆ.